ಮೂರಡಿ ಗೇಟಿನ ಜಗಳ

"ಸಾರ್, ಜೇನ್ ಜೇಕಬ್ಸ್ ಓದಿದೀರಾ? ಬೀದಿ ಮೇಲೆ ಯಾವಾಗ್ಲೂ ಕಣ್ಣಿರ್ಬೇಕು ಅಂತಾರೆ ಅವರು. ಅದಕ್ಕೇ ನಾವು ಈ ಸಲ ಇನ್ನೂ 40 ಕ್ಯಾಮೆರಾ ಹಾಕ್ಸೋಣ ಅಂತಿರೋದು."

ನಮ್ಮ ಟೌನ್‌ಶಿಪ್ಪಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಮಾತು ಹೇಳಿದವರು ವೃತ್ತಿಯಲ್ಲಿ ಆರ್ಕಿಟೆಕ್ಟ್. ಒಳ್ಳೆಯ ಮನುಷ್ಯ, ದೀಪಾವಳಿಗೆ ಮನೆಮನೆಗೆ ಮೈಸೂರ್ ಪಾಕ್ ಕಳಿಸುತ್ತಾರೆ. ಕ್ಲಬ್‌ಹೌಸಿನ ಏಸಿ ಹಾಲಿನಲ್ಲಿ ಕೂತಿದ್ದವರೆಲ್ಲ ಹೌದ್ಹೌದು ಅಂತ ತಲೆಯಾಡಿಸಿದರು. ನಾನು ಎದ್ದು ನಿಂತೆ, ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಸಿಟ್ಟು ಬಂದಾಗ ನನ್ನ ಕನ್ನಡವೂ ಕೈಕೊಡುತ್ತೆ, ಇಂಗ್ಲಿಷೂ ಕೈಕೊಡುತ್ತೆ. ಅವತ್ತು ಆಡಲಾಗದ್ದನ್ನ ಇಲ್ಲಿ ಆಡಿ ಮುಗಿಸುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಮೊದಲು ಜೇಕಬ್ಸ್ ವಿಷಯ. ಅಮೆರಿಕದ ದೊಡ್ಡ ನಗರಗಳ ಸಾವು ಬದುಕಿನ ಬಗ್ಗೆ ಆಕೆ ಪುಸ್ತಕ ಬರೆದದ್ದು 1961ರಲ್ಲಿ. ಆಕೆ ಹೇಳಿದ ಕಣ್ಣು ಅಂಗಡಿಯವನ ಕಣ್ಣು, ಕಿಟಕಿಯಲ್ಲಿ ಕೂತ ಅಜ್ಜಿಯ ಕಣ್ಣು, ಬಾರಿನಿಂದ ಮನೆಗೆ ಹೊರಟವನ ಕಣ್ಣು. ಬೀದಿಗೆ ಮುಖ ಮಾಡಿದ ಮನೆ ಬೇಕು, ಬೀದಿಯಲ್ಲಿ ಅಂಗಡಿ ಬೇಕು, ಹೊತ್ತು ಹೊತ್ತಿಗೂ ಬೇರೆ ಬೇರೆ ಕೆಲಸಕ್ಕೆ ಓಡಾಡುವ ಜನ ಬೇಕು, ಆಗ ಅಪರಿಚಿತರಿದ್ದರೂ ಬೀದಿ ಕ್ಷೇಮವಾಗಿರುತ್ತೆ ಅನ್ನೋದು ಆಕೆಯ ವಾದ. ಅಪರಿಚಿತರಿದ್ದರೂ ಅನ್ನೋ ಆ ಮಾತನ್ನ ಗಮನಿಸಿ. ಅಪರಿಚಿತರನ್ನೇ ಹೊರಗಿಟ್ಟ ಜಾಗದ ಬಗ್ಗೆ ಆಕೆ ಬರೆದದ್ದಲ್ಲ. ಆ ಮಹಾತಾಯಿಯ ಹೆಸರು ಹೇಳಿ ಕ್ಯಾಮೆರಾ ಖರೀದಿಸುವುದು ಬಸವಣ್ಣನ ಹೆಸರು ಹೇಳಿ ಜಾತಿ ಹಾಸ್ಟೆಲಿಗೆ ಚಂದಾ ಎತ್ತಿದ ಹಾಗೆ.

ಅಷ್ಟಕ್ಕೂ ಮೀಟಿಂಗಿನ ಅಜೆಂಡಾ ಕ್ಯಾಮೆರಾ ಆಗಿರಲಿಲ್ಲ. ನಾನು ಕೊಟ್ಟ ಅರ್ಜಿ ಆಗಿತ್ತು. ಹಿಂದಿನ ಗೋಡೆಯಲ್ಲಿ ಮೂರಡಿ ಅಗಲದ ಒಂದು ಗೇಟು ಇಡಿ ಅಂತ ಕೇಳಿದ್ದೆ. ಅಷ್ಟೇ.

ನಮ್ಮ ಟೌನ್‌ಶಿಪ್ ಇರೋದು ಯಲಹಂಕ ದಾಟಿ, ದೊಡ್ಡಬಳ್ಳಾಪುರದ ಕಡೆ ಹೋಗುವ ದಾರಿಯಲ್ಲಿ. ಹೆಸರು ಬೇಡ. ಹೆಸರಿನಲ್ಲಿ ಒಂದು ಇಂಗ್ಲಿಷ್ ಮರ, ಒಂದು ಇಟಾಲಿಯನ್ ಊರು ಇದೆ ಅಂದರೆ ಸಾಕು, ಆ ದಾರಿಯಲ್ಲಿ ಅಂಥವು ಬೇಕಾದಷ್ಟಿವೆ. ಮುಂದೆ ಹೆದ್ದಾರಿ, ಎರಡು ಆಳೆತ್ತರದ ಗೇಟು, ಅದರ ಪಕ್ಕ ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ಕಾರಂಜಿ. ಹಿಂದೆ ಗೋಡೆ. ಗೋಡೆಯಾಚೆ ಒಂದು ಹಳ್ಳಿ. ಟೌನ್‌ಶಿಪ್ಪಿನ ಜಾಗ ಒಂದು ಕಾಲಕ್ಕೆ ಆ ಹಳ್ಳಿಯವರದ್ದೇ ರಾಗಿ ಹೊಲ. ಅಲ್ಲಿ ಅರಳಿಕಟ್ಟೆ ಇದೆ, ನಂದಿನಿ ಬೂತು ಇದೆ, ಸರ್ಕಾರಿ ಶಾಲೆ ಇದೆ, ಜೆರಾಕ್ಸ್ ಅಂಗಡಿ ಇದೆ, ಬಿಎಂಟಿಸಿ ಬಸ್ಸು ನಿಲ್ಲುತ್ತೆ. ನನ್ನ ಬಾಲ್ಕನಿಯಿಂದ ಎಲ್ಲಾ ಕಾಣುತ್ತೆ. ಗೋಡೆಯಿಂದ ಬೂತಿಗೆ ಹೆಚ್ಚೆಂದರೆ ನೂರು ಹೆಜ್ಜೆ. ಗೇಟಿನಿಂದ ಹೊರಟು, ಹೆದ್ದಾರಿಯಲ್ಲಿ ಫುಟ್‌ಪಾತಿಲ್ಲದ ಅಂಚು ಹಿಡಿದು, ಸುತ್ತಿ ಹೋದರೆ ನನ್ನ ಫೋನು ಎಣಿಸಿದ್ದು 2,300 ಹೆಜ್ಜೆ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ದಿನಕ್ಕೆ ಎರಡು ಸಲ ಬಂದು ಹೋಗುತ್ತಾಳೆ, ನೀವೇ ಗುಣಿಸಿಕೊಳ್ಳಿ. ಹೋದ ಮಳೆಗಾಲದಲ್ಲಿ ಒಂದು ಟಿಪ್ಪರ್ ಲಾರಿ ಆಕೆಯ ಮೈಗೆ ಸವರಿಕೊಂಡು ಹೋಯ್ತು. ಪುಣ್ಯಕ್ಕೆ ಚರಂಡಿಗೆ ಬಿದ್ದಳು. ಪುಣ್ಯಕ್ಕೆ ಅಂದೆ ನೋಡಿ, ಚರಂಡಿಗೆ ಬೀಳೋದು ಪುಣ್ಯ ಆಗುವಂಥ ರಸ್ತೆ ಅದು. ನನ್ನ ಅರ್ಜಿ ಹುಟ್ಟಿದ್ದು ಅವತ್ತು.

ಈಗ ಥಿಯರಿಗೆ ಬರೋಣ. ನಮ್ಮ ಟೌನ್‌ಶಿಪ್ಪಿನ ಬ್ರೋಷರಿನ ತುಂಬ ಇರೋದು ಅದೇ ತಾನೆ? ಕಮ್ಯುನಿಟಿ ಲಿವಿಂಗ್ ಅಂತೆ, ನೇಬರ್‌ಹುಡ್ ಅಂತೆ, ವಾಕಬಲ್ ಅಂತೆ, ಹ್ಯೂಮನ್ ಸ್ಕೇಲ್ ಅಂತೆ. ಹೆಬ್ಬಾಳದ ಫ್ಲೈಓವರ್ ಇಳಿದು ಉತ್ತರಕ್ಕೆ ತಿರುಗಿದರೆ ಹೋರ್ಡಿಂಗುಗಳ ಮೇಲೆಲ್ಲಾ ಇದೇ ಪದಗಳು. ಈ ಒಂದೊಂದು ಪದದ ಹಿಂದೆಯೂ ಒಬ್ಬರು ತಲೆ ಕೆಡಿಸಿಕೊಂಡು ಯೋಚಿಸಿದವರಿದ್ದಾರೆ. ಅವರು ಹೇಳಿದ್ದೇನು, ನಮ್ಮವರು ಕಟ್ಟಿದ್ದೇನು ಅಂತ ಪಕ್ಕಪಕ್ಕ ಇಟ್ಟು ನೋಡೋ ಆಸೆ ನನಗೆ. ನಾನು ಆರ್ಕಿಟೆಕ್ಟ್ ಅಲ್ಲ. 20 ವರ್ಷದ ಇಎಂಐ ಕಟ್ಟುವವನು. ಅಷ್ಟು ದುಡ್ಡು ಕೊಟ್ಟವನಿಗೆ ಇಷ್ಟು ಪ್ರಶ್ನೆ ಕೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಕ್ರಿಸ್ಟೋಫರ್ ಅಲೆಕ್ಸಾಂಡರ್ ಅಂತ ಒಬ್ಬರಿದ್ದರು, 2022ರಲ್ಲಿ ತೀರಿಕೊಂಡರು. ವಿಯೆನ್ನಾದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಗಣಿತ, ಆರ್ಕಿಟೆಕ್ಚರ್ ಎರಡನ್ನೂ ಓದಿ, ಅಮೆರಿಕದ ಬರ್ಕ್ಲಿಯಲ್ಲಿ ಮೇಷ್ಟರಾಗಿದ್ದವರು. ಅವರಿಗೂ ನಮಗೂ ಏನು ಸಂಬಂಧ ಅನ್ನಬೇಡಿ. ತರುಣನಾಗಿದ್ದಾಗ ಗುಜರಾತಿನ ಒಂದು ಹಳ್ಳಿಯಲ್ಲಿ ಬಂದು ಇದ್ದರು. 1964ರ ಅವರ ಪುಸ್ತಕದ ಕೊನೆಗೆ ಉದಾಹರಣೆಯಾಗಿ ಕೊಟ್ಟಿರೋದು 600 ಜನರ ಒಂದು ಭಾರತೀಯ ಹಳ್ಳಿ. ಆ ಹಳ್ಳಿಗೆ ಏನೇನು ಬೇಕು, ಏನೇನು ಕಟ್ಟುಪಾಡಿದೆ ಅಂತ 141 ಅಂಶಗಳ ಪಟ್ಟಿ. ಮನೆ ಬಾಗಿಲು ದಕ್ಷಿಣಕ್ಕಿರಬಾರದು ಅನ್ನುವುದೂ ಅದರಲ್ಲಿದೆ, ಅಸ್ಪೃಶ್ಯತೆಯೂ ಅದರಲ್ಲಿದೆ. ಬಿಳಿಯ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡ. ನಮ್ಮ ಬ್ರೋಷರಿನವರು ಮೊದಲನೆಯದನ್ನ ಮಾತ್ರ ವಾಸ್ತು ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ. ಎರಡನೆಯದು ಎಲ್ಲಿ ಹೋಯ್ತು ಅಂತ ಆಮೇಲೆ ಹೇಳ್ತೀನಿ.

ಮರುವರ್ಷ, 1965ರಲ್ಲಿ, ಅಲೆಕ್ಸಾಂಡರ್ ಒಂದು ಲೇಖನ ಬರೆದರು. ಅದರ ತಲೆಬರಹ ಕನ್ನಡದಲ್ಲಿ ಹೇಳೋದಾದರೆ "ನಗರ ಮರವಲ್ಲ". ಮರ ಅಂದರೆ ಹೊಂಗೆ, ಬೇವು ಅಲ್ಲ. ಲೆಕ್ಕದವರ ಮರ. ಒಂದು ಕಾಂಡ, ಕಾಂಡಕ್ಕೆ ಕೊಂಬೆ, ಕೊಂಬೆಗೆ ರೆಂಬೆ, ರೆಂಬೆಗೆ ಎಲೆ. ಈ ರಚನೆಯಲ್ಲಿ ಒಂದು ಎಲೆಯಿಂದ ಪಕ್ಕದ ಕೊಂಬೆಯ ಎಲೆಗೆ ಹೋಗಬೇಕಾದರೆ ಕಾಂಡಕ್ಕೆ ಇಳಿದು ಮತ್ತೆ ಹತ್ತಬೇಕು, ಅಡ್ಡದಾರಿಯೇ ಇಲ್ಲ. ಪ್ಲಾನು ಹಾಕಿ ಒಂದೇ ಏಟಿಗೆ ಕಟ್ಟಿದ ಊರುಗಳೆಲ್ಲ ಹೀಗೆ ಮರದ ಥರ ಆಗಿಬಿಡುತ್ತವೆ, ನಮ್ಮ ಚಂಡೀಗಢವೂ ಸೇರಿ, ಅದಕ್ಕೇ ಅವು ಜೀವ ಕಳಕೊಂಡ ಹಾಗೆ ಕಾಣುತ್ತವೆ ಅನ್ನೋದು ಅವರ ತಕರಾರು. ಕಾಲಕಾಲಕ್ಕೆ ತಾನಾಗಿ ಬೆಳೆದ ಊರಿನಲ್ಲಿ ಸಂಬಂಧಗಳು ಒಂದರ ಮೇಲೊಂದು ಹಾದುಹೋಗುತ್ತವೆ. ಅವರು ಕೊಟ್ಟ ಉದಾಹರಣೆ ತೀರಾ ಚಿಕ್ಕದು. ಬರ್ಕ್ಲಿಯ ಒಂದು ಮೂಲೆಯಲ್ಲಿ ಔಷಧಿ ಅಂಗಡಿ, ಅದರ ಮುಂದೆ ಪೇಪರ್ ಸ್ಟ್ಯಾಂಡು, ಪಕ್ಕದಲ್ಲಿ ಟ್ರಾಫಿಕ್ ಸಿಗ್ನಲ್. ಕೆಂಪು ದೀಪಕ್ಕೆ ನಿಂತವರು ಸುಮ್ಮನೆ ನಿಂತ ಹೊತ್ತಿಗೆ ಪೇಪರಿನ ಹೆಡ್ಡಿಂಗ್ ಓದುತ್ತಾರೆ, ಕೆಲವರು ಕೊಳ್ಳುತ್ತಾರೆ. ಸಿಗ್ನಲ್ಲು ರಸ್ತೆ ಇಲಾಖೆಯದು, ಪೇಪರು ಅಂಗಡಿಯದು, ಆದರೂ ಎರಡೂ ಸೇರಿಯೇ ಒಂದು ಜಾಗ ಆಗೋದು.

ನಮ್ಮಲ್ಲಿ ಇಂಥ ಮೂಲೆ ಬೇಕಾದರೆ ಆರ್.ಟಿ. ನಗರಕ್ಕೆ ಹೋಗಿ. ಅಲ್ಲಿ ಬಸ್ಸಿಗೆ ಕಾಯುವವರು ಟೀ ಕುಡಿಯುತ್ತಾರೆ, ಟೀ ಕುಡಿಯಲು ಬಂದವರು ಬಾಡಿಗೆ ಮನೆ ಖಾಲಿ ಇದೆಯಾ ಅಂತ ವಿಚಾರಿಸುತ್ತಾರೆ, ಹೂವಿನವಳು ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಅಂತ ಹೇಳುತ್ತಾಳೆ. ಯಾವ ಪ್ಲಾನಿನಲ್ಲೂ ಅದನ್ನ ಯಾರೂ ಬರೆದಿಟ್ಟಿರಲಿಲ್ಲ.

ನಮ್ಮ ಟೌನ್‌ಶಿಪ್ಪಿನ ಪ್ಲಾನು ತೆಗೆದುಕೊಳ್ಳಿ. ಒಂದು ಗೇಟು. ಗೇಟಿನಿಂದ ಒಂದು ರಸ್ತೆ. ರಸ್ತೆಯಿಂದ ಟವರಿಗೆ ಒಂದೊಂದು ಕವಲು. ಟವರಿಗೊಂದು ಲಾಬಿ, ಲಾಬಿಗೆ ಲಿಫ್ಟು, ಲಿಫ್ಟಿನಿಂದ ಕಾರಿಡಾರು, ಕಾರಿಡಾರಿನಲ್ಲಿ ಬಾಗಿಲು. ಅಪ್ಪಟ ಮರ ಸ್ವಾಮಿ! ಗಣಿತದ ಮೇಷ್ಟರು ಬೋರ್ಡಿನ ಮೇಲೆ ಬರೆದಿಟ್ಟ ಹಾಗೆ. ನನ್ನ ಅಡುಗೆಮನೆ ಕಿಟಕಿಗೆ ಎದುರಾಗಿ ಪಕ್ಕದ ಟವರಿನ ಒಂದು ಅಡುಗೆಮನೆ ಇದೆ. ಆ ಮನೆಯವರು ಯಾವತ್ತು ಅವರೇಕಾಳು ಸೊಪ್ಪಿನ ಸಾರು ಮಾಡಿದರೂ ನನಗೆ ಗೊತ್ತಾಗುತ್ತೆ. ಆರು ವರ್ಷ ಆಯ್ತು, ಅವರ ಹೆಸರು ಗೊತ್ತಿಲ್ಲ. ಅವರ ಲಿಫ್ಟಿಗೆ ನನ್ನ ಕಾರ್ಡು ಆಗೋದಿಲ್ಲ.

ಇದೇ ಯಲಹಂಕದ ನ್ಯೂಟೌನಿನಲ್ಲಿ ನಾನು 11 ವರ್ಷ ಬಾಡಿಗೆಗಿದ್ದೆ. ಅದೂ ಸಹ ಒಂದು ಟೌನ್‌ಶಿಪ್ಪೇ, ಕರ್ನಾಟಕ ಗೃಹ ಮಂಡಳಿ ಕಟ್ಟಿದ್ದು. ಪ್ಲಾನು ಹಾಕಿಯೇ ಕಟ್ಟಿದ್ದು. ಮಂಡಳಿಯ ಲೆಕ್ಕದಲ್ಲಿ ಬಡವರಿಗೊಂದು ಅಳತೆ, ಎಲ್ಐಜಿ, ಎಂಐಜಿ, ಎಚ್ಐಜಿ ಅಂತ ವರಮಾನದ ಮೇಲೆ ಮನೆಗಳು. ಕೇಳೋಕೆ ಜಾತಿಪದ್ಧತಿಯ ಥರವೇ ಇದೆ. ಆದರೆ ಎಲ್ಐಜಿ ರಸ್ತೆ ಮುಗಿದರೆ ಎಂಐಜಿ ರಸ್ತೆ ಶುರುವಾಗುತ್ತಿತ್ತು, ನಡುವೆ ಗೋಡೆ ಇರಲಿಲ್ಲ. ಗಾಲಿ ಅಚ್ಚು ಕಾರ್ಖಾನೆಯ ನೌಕರ, ಬ್ಯಾಂಕಿನವರು, ಏರ್‌ಫೋರ್ಸಿನಿಂದ ರಿಟೈರಾದವರು, ಹಳೇ ಯಲಹಂಕದಿಂದ ತರಕಾರಿ ಗಾಡಿ ತರುವವನು, ಎಲ್ಲಾ ಒಂದೇ ಬೀದಿ ಬಳಸುತ್ತಿದ್ದರು. ನನ್ನ ಮನೆಯಿಂದ ಬಸ್‌ಸ್ಟಾಪಿಗೆ ನಾಲ್ಕು ದಾರಿ ಇದ್ದವು. ಬೆಳಿಗ್ಗೆ ಹೂವಿನ ಮನೆ ದಾರಿ, ಸಂಜೆ ಬೋಂಡಾ ಅಂಗಡಿ ದಾರಿ, ಸಾಲ ಕೊಡಬೇಕಾದವರ ಮನೆ ತಪ್ಪಿಸೋಕೆ ಮೂರನೇದು. ಸಾಲಗಾರನಿಗೂ ಒಂದು ದಾರಿ ಬಿಟ್ಟಿದ್ದ ಪ್ಲಾನು ಅದು! ನ್ಯೂಟೌನು ಸ್ವರ್ಗ ಅಂತ ಹೇಳ್ತಿಲ್ಲ. ಇವತ್ತು ಹೋದರೆ ಫುಟ್‌ಪಾತಿನ ಮೇಲೆ ಕಾರು, ಎರಡು ರೂಮಿನ ಮನೆ ಇದ್ದಲ್ಲಿ ನಾಲ್ಕು ಮಹಡಿ ಪೀಜಿ. ಆದರೂ ಎಂಟು ವರ್ಷದ ಮಗು ಹತ್ತು ರೂಪಾಯಿ ಹಿಡಿದು ಅಂಗಡಿಗೆ ಹೋಗಿ ಬರಬಹುದು. ಇದು ನನ್ನ ಪರೀಕ್ಷೆ. ಮಗುವನ್ನ ಒಬ್ಬೊಬ್ಬರನ್ನೇ ಹಾಲಿಗೆ ಕಳಿಸಿ. ಹಾಲು ತಂದರೆ ಅದು ಊರು. ನಮ್ಮಲ್ಲಿ ಮಗು ಗೇಟು ದಾಟಬೇಕಾದರೆ ಆ್ಯಪಿನಲ್ಲಿ ಅಪ್ರೂವಲ್ ಬೇಕು. ಹಾಲು ಆ್ಯಪಿನಲ್ಲಿ ಬರುತ್ತೆ, ತರುವವನ ಮುಖ ಯಾರೂ ನೋಡಿಲ್ಲ.

ನೇಬರ್‌ಹುಡ್ ಅನ್ನೋ ಪದ ಎಲ್ಲಿಂದ ಬಂತು ಅಂತ ಕೇಳಿ. ಪ್ಲಾನಿಂಗಿನಲ್ಲಿ ಅದಕ್ಕೊಂದು ಲೆಕ್ಕ ಕೊಟ್ಟವರು ಅಮೆರಿಕದ ಕ್ಲಾರೆನ್ಸ್ ಪೆರ್ರಿ, 1929ರಲ್ಲಿ. ಒಂದು ಪ್ರಾಥಮಿಕ ಶಾಲೆಗೆ ಬೇಕಾಗುವಷ್ಟು ಮಕ್ಕಳಿರುವ ಜನವಸತಿ ಒಂದು ಘಟಕ. ಮಧ್ಯದಲ್ಲಿ ಶಾಲೆ, ಮಗು ದೊಡ್ಡ ರಸ್ತೆ ದಾಟದೆ ನಡೆದು ಹೋಗಬೇಕು. ಅಂಗಡಿಗಳು ಅಂಚಿನಲ್ಲಿ, ಮೂಲೆಗಳಲ್ಲಿ, ಪಕ್ಕದ ಘಟಕದ ಅಂಗಡಿಗಳು ಬಂದು ಸೇರುವ ಕಡೆ. ಅಂದರೆ ಗಡಿ ಅನ್ನೋದು ಎರಡು ಕಡೆಯ ಜನ ಸಂಧಿಸುವ ಜಾಗ. ನಮ್ಮವರು ಪೆರ್ರಿಯನ್ನ ತಂದು ಏನು ಮಾಡಿದರು? ಮಧ್ಯದಲ್ಲಿದ್ದ ಶಾಲೆ ಕಿತ್ತು ಕ್ಲಬ್‌ಹೌಸ್ ಇಟ್ಟರು. ಅಂಚಿನಲ್ಲಿದ್ದ ಅಂಗಡಿ ಕಿತ್ತು ಗೋಡೆ ಎಬ್ಬಿಸಿದರು. ನೇಬರ್‌ಹುಡ್ ಅನ್ನೋ ಬೋರ್ಡು ಮಾತ್ರ ಉಳಿಸಿಕೊಂಡರು. ಮಕ್ಕಳು ಹಳದಿ ಬಸ್ಸಿನಲ್ಲಿ ಊರಾಚೆಯ ಶಾಲೆಗೆ ಹೋಗುತ್ತವೆ, ಗೋಡೆಯಾಚೆಯ ಶಾಲೆಯ ಪ್ರಾರ್ಥನೆ ಕೇಳಿಸಿಕೊಂಡು ಬಸ್ಸು ಹತ್ತುತ್ತವೆ.

ಇದೆಲ್ಲಾ ಹೊರಗಿನವರ ಥಿಯರಿ, ನಮ್ಮ ಊರಿಗೆ ಒಗ್ಗಲ್ಲ ಅಂತ ಮೀಟಿಂಗಿನಲ್ಲಿ ಒಬ್ಬರು ಅಂದರು. ಅವರಿಗೆ ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿಗೆ ಒಮ್ಮೆ ಹೋಗಿ ಬನ್ನಿ ಅಂತ ಹೇಳಬೇಕಿತ್ತು. ಹಿಟ್ಲರನ ಜರ್ಮನಿಯಲ್ಲಿ ಬಾಳಲಾಗದೆ ಹೊರಬಿದ್ದ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಆರ್ಕಿಟೆಕ್ಟ್ ಆಗಿ ಇಲ್ಲಿಗೆ ಬಂದರು. ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ವಿಭಾಗದಂಥ ಕಟ್ಟಡಗಳು ಅವರವು. ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ಮಳೆ ನೋಡಿಕೊಂಡು ಕಟ್ಟಿದವರು. ಆಮೇಲೆ ಭುವನೇಶ್ವರಕ್ಕೆ ಪ್ಲಾನು ಹಾಕಿಕೊಟ್ಟರು, ಇಲ್ಲಿ ಕಲಿತದ್ದನ್ನ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಅಂತ ಪಾಠ ಮಾಡಿದರು. ಥಿಯರಿ ಇಲ್ಲಿಂದ ಅಲ್ಲಿಗೂ ಹೋಗಿದೆ. ಇಂದೋರಿನ ಅರಣ್ಯದಲ್ಲಿ ಬಡವರ ವಸತಿಗೆ ಬಾಲಕೃಷ್ಣ ದೋಶಿ ಮನೆಯ ಮುಂದೆ ಓಟ್ಲಾ ಇಟ್ಟರು. ಓಟ್ಲಾ ಅಂದರೆ ಬೇರೇನಲ್ಲ, ನಮ್ಮ ಜಗಲಿ. ಅಲೆಕ್ಸಾಂಡರ್ ಮತ್ತು ಗೆಳೆಯರು 1977ರಲ್ಲಿ 253 ವಿನ್ಯಾಸ ಸೂತ್ರಗಳ ದಪ್ಪ ಪುಸ್ತಕ ತಂದಾಗ ಅದರಲ್ಲೂ ಮುಂಬಾಗಿಲ ಬಳಿ ಒಂದು ಬೆಂಚು ಇಡಿ ಅನ್ನೋ ಸೂತ್ರವಿದೆ. ಮೂಲೆ ಕಿರಾಣಿ ಅಂಗಡಿ ಬೇಕು, ನಾಲ್ಕು ಮಹಡಿಗಿಂತ ಎತ್ತರ ಬೇಡ, ಆರಡಿಗಿಂತ ಕಿರಿದಾದ ಬಾಲ್ಕನಿ ಯಾರೂ ಬಳಸಲ್ಲ, ಹೀಗೆ. ನನ್ನ ಬಾಲ್ಕನಿ ಟೇಪಿಟ್ಟು ಅಳೆದೆ, ನಾಲ್ಕಡಿ ಎರಡಿಂಚು. ವಾಷಿಂಗ್ ಮಷೀನು ಇದೆ ಅಲ್ಲಿ. ನಮ್ಮಜ್ಜಿ ಜಗಲಿ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ "ಎತ್ಲಾಗೆ ಹೊಂಟೆ?" ಅಂತ ಕೇಳುತ್ತಿದ್ದಳು. ಜೇಕಬ್ಸ್ ಹೇಳಿದ ಕಣ್ಣು ಅದು, ಬ್ಯಾಟರಿ ಬೇಡ, ವರ್ಷಕ್ಕೊಮ್ಮೆ ಎಎಂಸಿ ಬೇಡ.

ಗೇಟು ಗೋಡೆಯ ಪರವಾಗಿಯೂ ಒಬ್ಬ ಪಂಡಿತರಿದ್ದಾರೆ ಅಂತ ನ್ಯಾಯಕ್ಕೆ ಒಪ್ಪಿಕೊಳ್ಳಬೇಕು. ಆಸ್ಕರ್ ನ್ಯೂಮನ್, 1972ರ ಪುಸ್ತಕ. ಜನ ತಮ್ಮದು ಅಂದುಕೊಂಡ ಜಾಗವನ್ನ ತಾವೇ ಕಾಯುತ್ತಾರೆ, ಯಾರದ್ದೂ ಅಲ್ಲದ ಜಾಗದಲ್ಲಿ ಕಳ್ಳಕಾಕರು ಸೇರುತ್ತಾರೆ ಅನ್ನೋದು ಅವರ ಮಾತು. ಸೆಕ್ಯುರಿಟಿ ಕಂಪನಿಗಳಿಗೆ ಇದು ವೇದವಾಕ್ಯ. ಆದರೆ ನ್ಯೂಮನ್ ಬೈದದ್ದು ಯಾವುದನ್ನ? ನೂರಾರು ಮನೆಗೆ ಒಂದೇ ಲಾಬಿ, ಒಂದೇ ಲಿಫ್ಟು, ಉದ್ದ ಕಾರಿಡಾರು ಇರುವ ಎತ್ತರದ ಟವರುಗಳನ್ನ! ಅಲ್ಲಿ ಯಾರಿಗೂ ಯಾವುದೂ ತಮ್ಮದು ಅನ್ನಿಸಲ್ಲ ಅಂತ. ನಾವು ಅವರು ಬೈದ ಟವರನ್ನೇ ಕಟ್ಟಿ, ಅದರ ಸುತ್ತ ಅವರ ಹೆಸರಿನಲ್ಲಿ ಗೋಡೆ ಕಟ್ಟಿಕೊಂಡು ಕೂತಿದ್ದೇವೆ.

ಗೋಡೆ ಕಟ್ಟಿದ ಮೇಲೆ ಹೊರಗಿನ ರಸ್ತೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಒಳಗೆ ಕಡಪಾ ಕಲ್ಲಿನ ವಾಕಿಂಗ್ ಟ್ರ್ಯಾಕು. ಹೊರಗೆ ಒಂದಡಿ ಫುಟ್‌ಪಾತಿಲ್ಲ. ಯಾಕಿಲ್ಲ ಅಂದರೆ, ದನಿಯೆತ್ತಿ ಕೇಳಬಲ್ಲ ಸಾವಿರಾರು ಜನ ಗೋಡೆಯೊಳಗೆ ವಾಕ್ ಮುಗಿಸಿ ಕಾರು ಹತ್ತುತ್ತಾರೆ. ಹೊರಗೆ ನಡೆಯುವವರ ದನಿ ಎಂಜಿನಿಯರಿಗೆ ಕೇಳಿಸಲ್ಲ. ಒಂದು ಕಿಲೋಮೀಟರು ಉದ್ದದ ಮೂಕ ಗೋಡೆ, ಒಂದು ಅಂಗಡಿ ಇಲ್ಲ, ಒಂದು ಕಿಟಕಿ ಇಲ್ಲ, ಒಂದು ದೀಪ ಇಲ್ಲ. ಸಂಜೆ ಏಳರ ಮೇಲೆ ಹೆಣ್ಣುಮಕ್ಕಳು ಆ ಗೋಡೆ ಪಕ್ಕ ಓಡುನಡಿಗೆಯಲ್ಲಿ ಹೋಗುತ್ತಾರೆ. ನಮ್ಮ ಸುರಕ್ಷತೆಗೆ ಕಟ್ಟಿದ ಗೋಡೆ ಅವರಿಗೆ ಅಪಾಯ ತಂದಿಟ್ಟಿದೆ. ಇಂಥ ಗೋಡೆಗಳನ್ನ ಒಂದಕ್ಕೊಂದು ಜೋಡಿಸಿಕೊಂಡು ಹೋದರೆ ಯಲಹಂಕದಿಂದ ರಾಜಾನುಕುಂಟೆವರೆಗೆ ಎಡಕ್ಕೂ ಬಲಕ್ಕೂ ಕೋಟೆ ಸಾಲು. ಕೆಂಪೇಗೌಡರ ವಂಶದವರನ್ನ ಯಲಹಂಕ ನಾಡಪ್ರಭುಗಳು ಅಂತಾರಲ್ಲ, ಕೋಟೆ ಕಟ್ಟಿದವರು ಅವರು. ಆ ಕೋಟೆಗೂ ನಾಲ್ಕು ದಿಕ್ಕಿಗೆ ಬಾಗಿಲಿದ್ದವು ಅನ್ನೋದು ಬೆಂಗಳೂರಿನ ಮಕ್ಕಳಿಗೂ ಗೊತ್ತು.

ಕಾನೂನಿನ ಮಾತು ಒಂದೇ ಒಂದು ಹೇಳಿ ಬಿಡ್ತೀನಿ. ದೊಡ್ಡ ವಸತಿ ಯೋಜನೆಗಳು ತಮ್ಮ ಜಾಗದ 10 ಪರ್ಸೆಂಟನ್ನ ಪಾರ್ಕು, ಬಯಲಿಗೆ ಅಂತ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು ಅಂತ ಬೆಂಗಳೂರಿನ ಮಾಸ್ಟರ್‌ಪ್ಲಾನಿನ ವಲಯ ನಿಯಮಗಳಲ್ಲಿದೆ. ಬಿಟ್ಟುಕೊಡೋದು ಅಂದರೆ ಊರಿಗೆ. ನಿಮ್ಮ ಟೌನ್‌ಶಿಪ್ಪಿನಲ್ಲಿ ಆ ಪಾರ್ಕು ಯಾವುದು, ಗೋಡೆಯೊಳಗಿದೆಯೋ ಹೊರಗಿದೆಯೋ, ಮಂಜೂರಾದ ನಕ್ಷೆ ತೆಗೆಸಿ ನೋಡಿ. ಪಾಲಿಕೆಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ಜನರನ್ನ ತಡೆಯುವಂತಿಲ್ಲ ಅಂತ ನಮ್ಮ ಹೈಕೋರ್ಟೇ ಹೇಳಿದೆ. ನಾನು ನಕ್ಷೆಯ ಪ್ರತಿ ಕೇಳಿದ್ದಕ್ಕೆ ಕಮಿಟಿಯವರು "ನೀವು ಯಾರ ಕಡೆ ಸಾರ್?" ಅಂತ ಕೇಳಿದರು.

ಸರಿ, ಮೀಟಿಂಗಿಗೆ ವಾಪಸ್ ಬರೋಣ. ನನ್ನ ಮೂರಡಿ ಗೇಟಿನ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೀತು. ಕಳ್ಳರು ಬರ್ತಾರೆ. ನಾಯಿ ಬರುತ್ತೆ. ರೇಟು ಬೀಳುತ್ತೆ. ಅವರ ಮಕ್ಕಳು ನಮ್ಮ ಸ್ವಿಂಗಿನಲ್ಲಿ ಆಡ್ತಾರೆ. ಕೊನೆಯದನ್ನ ಹೇಳಿದ ಅಮ್ಮ ತಾವು ಏನು ಹೇಳಿದೆವು ಅಂತ ತಾವೇ ಕೇಳಿಸಿಕೊಂಡು ತಲೆ ತಗ್ಗಿಸಿದರು, ಅದನ್ನ ನಾನು ನೋಡಿದೆ, ಅದಕ್ಕೆ ಅವರ ಮೇಲೆ ಸಿಟ್ಟಿಲ್ಲ. ಆಮೇಲೆ ನಮ್ಮ ಆರ್ಕಿಟೆಕ್ಟ್ ಸಾಹೇಬರು ಎಲ್ಲರಿಗೂ ಒಪ್ಪುವಂಥ ಒಂದು ದಾರಿ ಹುಡುಕಿದರು. ಗೇಟು ಇಡೋಣ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ಕೆಲಸದವರಿಗೆ ಮಾತ್ರ. ಒಬ್ಬ ಗಾರ್ಡು, ಬ್ಯಾಗ್ ಚೆಕಿಂಗು. ಅಲ್ಲಿಂದ ಸರ್ವಿಸ್ ಲಿಫ್ಟಿಗೆ ಬೇಸ್‌ಮೆಂಟಿನಲ್ಲೇ ದಾರಿ, ಲಾನಿನ ಮೇಲೆ ಬರುವಂತಿಲ್ಲ. ಅದಕ್ಕೊಂದು ಹೆಸರೂ ಇಟ್ಟರು, ಮೇಡ್ ಗೇಟ್. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪ, ಕೆಲವರು ನನ್ನ ಕಡೆ ನೋಡಿ ನಕ್ಕರು, ನೋಡಿ ನಿಮ್ಮದು ಗೆದ್ದಿತು ಅನ್ನೋ ಹಾಗೆ.

ಮಲ್ಲೇಶ್ವರ, ಬಸವನಗುಡಿಯಲ್ಲಿ ಹಳೇ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತೆ, ನೋಡಿರಬಹುದು. ಕನ್ಸರ್ವೆನ್ಸಿ ಲೇನು ಅಂತಾರೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು ಅವು, ಗಾಳಿ ಬೆಳಕು ಆರೋಗ್ಯ ಅಂತ ಯೋಚಿಸಿ, ಆ ಕಾಲದ ಥಿಯರಿ ಪ್ರಕಾರ ಅಚ್ಚುಕಟ್ಟಾಗಿ ಹಾಕಿದ ಪ್ಲಾನು. ಹಿಂದಿನ ಓಣಿ ಯಾಕೆ? ಮಲ ಹೊರುವವರು ಮುಂದಿನ ಬೀದಿಯಲ್ಲಿ ಕಾಣಿಸಬಾರದಲ್ಲ, ಅದಕ್ಕೆ. ಈಗ ಆ ಓಣಿಗಳಿಗೆ ಬಣ್ಣ ಹೊಡೆದು ಚಿತ್ರ ಬರೆಯುತ್ತಾರೆ, ಒಳ್ಳೇದೇ. ಆದರೆ ಅದು ಹುಟ್ಟಿದ್ದು ಒಂದು ಜಾತಿಯವರನ್ನ ಕಣ್ಣಿಗೆ ಬೀಳದ ಹಾಗೆ ಒಳಗೆ ತಂದು ಹೊರಗೆ ಕಳಿಸೋಕೆ. ಅಲೆಕ್ಸಾಂಡರನ ಪಟ್ಟಿಯಲ್ಲಿದ್ದು ಬ್ರೋಷರಿನಲ್ಲಿಲ್ಲದ ಅಂಶ ಎಲ್ಲಿ ಹೋಯ್ತು ಅಂದೆನಲ್ಲ, ನಕ್ಷೆಯಲ್ಲಿದೆ. ಸರ್ವಿಸ್ ಲಿಫ್ಟು ಅಂತ ಬರೆದಿರುತ್ತಾರೆ.

ವೋಟಿಗೆ ಹಾಕಿದರು. ನನ್ನ ಗೇಟಿಗೆ ನಾನೇ ವಿರುದ್ಧ ವೋಟು ಹಾಕಿದೆ. ಇನ್ನಿಬ್ಬರು ಬೇರೆ ಕಾರಣಕ್ಕೆ, ಗೇಟೇ ಬೇಡ ಅಂತ, ಕೈಯೆತ್ತಿದರು. ಉಳಿದವರೆಲ್ಲ ಪರ.

ಮನೆಗೆ ಬಂದು ಹೇಳಿದರೆ ಹೆಂಡತಿ ಬೈದಳು. "ನಿಮ್ಮ ತತ್ವ ನಿಮ್ಮ ಹತ್ರ ಇಟ್ಕೊಳ್ಳಿ. ಆ ಟಿಪ್ಪರ್ ರಸ್ತೇಲಿ ನಡೆಯೋರು ನೀವಲ್ಲ." ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ. ಮಾರನೇ ದಿನ ಕೆಲಸದಾಕೆಯನ್ನೇ ಕೇಳಿದೆ. ಆಕೆ ಪಾತ್ರೆ ತೊಳೆಯುತ್ತಲೇ ಹೇಳಿದಳು, "ಇಡ್ಲಿ ಬಿಡಣ್ಣ, ಕಾಲುನೋವಾದ್ರೂ ತಪ್ತದೆ. ಬ್ಯಾಗ್ ನೋಡ್ಲಿ, ಏನೈತೆ ಅದ್ರಾಗೆ. ಆದ್ರೆ ಹತ್ತು ಗಂಟೆಗೆ ಮುಚ್ತಾರಂತಲ್ಲ, ನಾನು ಹನ್ನೊಂದಕ್ಕೆ ಮುಗಿಸ್ತೀನಿ. ವಾಪಸ್ ಸುತ್ತಾಕಂಡೇ ಹೋಗ್ಬೇಕಲ್ಲ?" ಕಮಿಟಿಯಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ. ನನಗೂ ಹೊಳೆದಿರಲಿಲ್ಲ.

ನೀನೂ ಅಲ್ಲೇ ಇದ್ದೀಯಲ್ಲ, ಬಿಟ್ಟು ಹೋಗು ಅಂತ ಹೇಳುವವರಿಗೆ: ಹೌದು ಇದ್ದೀನಿ. ನೀರು ಬರುತ್ತೆ, ಲಿಫ್ಟು ಕೆಟ್ಟರೆ ರಿಪೇರಿ ಆಗುತ್ತೆ, ನನ್ನ ತಾಯಿ ರಾತ್ರಿ ಒಂಬತ್ತಕ್ಕೂ ಕೆಳಗೆ ನಾಲ್ಕು ಸುತ್ತು ಹಾಕುತ್ತಾರೆ. ಇದೆಲ್ಲ ನನಗೂ ಬೇಕು. ನಾನು ಟವರು ಕೆಡವಿ ಅಂತ ಕೇಳ್ತಿಲ್ಲ, ಗೋಡೆ ಉರುಳಿಸಿ ಅಂತಲೂ ಇಲ್ಲ. ದಿನವಿಡೀ ತೆರೆದಿರುವ, ಮೇಡಂಗೂ ಮೇಡಿಗೂ ನನ್ನ ತಾಯಿಗೂ ಆ ಹಳ್ಳಿಯ ಅಜ್ಜಿಗೂ ಒಂದೇ ಆಗಿರುವ ಒಂದು ಗೇಟು. ಅದರ ಪಕ್ಕ ಹೊರಗೆ ಮುಖ ಮಾಡಿದ ಎರಡು ಅಂಗಡಿ, ಬಾಡಿಗೆ ಅಸೋಸಿಯೇಷನ್ನಿಗೇ ಬರಲಿ. ಕೂರೋಕೆ ಒಂದು ಕಟ್ಟೆ. ಅಂಗಡಿಯವನು ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುತ್ತಾನೆ, ಆ ಗೇಟಿಗೆ ಅವನಿಗಿಂತ ಒಳ್ಳೆಯ ಕಾವಲು ಯಾವ ಏಜೆನ್ಸಿಯೂ ಕೊಡಲ್ಲ. 40 ಕ್ಯಾಮೆರಾದ ದುಡ್ಡಿನಲ್ಲಿ ಇಷ್ಟೂ ಆಗಿ ಮಿಗುತ್ತೆ.

ಬರೆದು ಮುಗಿಸಬೇಕು ಅನ್ನೋ ಹೊತ್ತಿಗೆ ಇನ್ನೊಂದು ಸರ್ಕ್ಯುಲರ್ ಬಂದಿದೆ. ಹಿಂದಿನ ಗೋಡೆಯ ಮೂಲೆಯಲ್ಲಿ ಈಚೆ ಕಡೆ ನಾಲ್ಕು ಸಿಮೆಂಟ್ ಬ್ಲಾಕು ಒಂದರ ಮೇಲೊಂದು ಇಟ್ಟಿರೋದು ಪತ್ತೆಯಾಗಿದೆಯಂತೆ. ಆಚೆ ಕಡೆಯೂ ಹಾಗೇ ಇದೆಯಂತೆ. ನನಗೆ ಗೊತ್ತು ಯಾರು ಇಟ್ಟದ್ದು ಅಂತ. ನಮ್ಮ ಹುಡುಗರ ಕ್ರಿಕೆಟ್ ಬಾಲು ಆಚೆ ಬೀಳುತ್ತೆ, ಆ ಕಡೆಯ ಹುಡುಗರು ಎಸೆಯುತ್ತಾರೆ, ಹೀಗೆ ಶುರುವಾಗಿ ಈಗ ಭಾನುವಾರ ಹನ್ನೊಂದು ಜನ ಕಮ್ಮಿ ಬಿದ್ದಾಗ ಅವರು ಇವರಲ್ಲಿ ಆಡುತ್ತಾರೆ, ಇವರು ಅವರಲ್ಲಿ. ಗೋಡೆಯನ್ನ ಎರಡಡಿ ಏರಿಸಿ ಮೇಲೆ ಮುಳ್ಳುತಂತಿ ಸುತ್ತಲು ಮೂರು ಕೊಟೇಶನ್ ತರಿಸಿದ್ದಾರೆ. ಬರುವ ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ಮೀಟಿಂಗು. ನಮ್ಮ ಟವರಿನಲ್ಲಿ ನಾಲ್ಕು ಸಹಿ ಸಿಕ್ಕಿವೆ. ಎದುರು ಅಡುಗೆಮನೆಯವರ ಸಹಿ ಕೇಳೋಣ ಅಂತ ನಿನ್ನೆ ಸಂಜೆ ಅವರ ಲಾಬಿಗೆ ಹೋಗಿದ್ದೆ, ಮನೆ ನಂಬರು ಹೇಳಿ ಅಂದರು ಗಾರ್ಡು. ಕಿಟಕಿ ತೋರಿಸಿದೆ.